ಒತ್ತಡವೆಂಬ ಶಬ್ದದ ಎರಡು ಅರ್ಥಗಳು: ದ್ರವವರ್ಣಲೇಖನದ ಕನ್ನಡ ಲಕ್ಷಣದ ವಿಮರ್ಶೆ

೧. ಪ್ರಸಂಗ

ಶಾಸ್ತ್ರವಿಷಯಗಳನ್ನು ದೇಶಭಾಷೆಯಲ್ಲಿ ಬರೆಯತಕ್ಕವರು ಶಬ್ದಗಳ ಬಡತನವನ್ನು ಕುರಿತು ದೂರುವುದು ವಾಡಿಕೆಯಾಗಿದೆ. ಆದರೆ ಶಬ್ದವಿಲ್ಲದುದರಿಂದ ಆಗುವ ಹಾನಿಗಿಂತಲೂ, ಒಂದೇ ಶಬ್ದವು ಎರಡು ಅರ್ಥಗಳ ಹೊರೆಯನ್ನು ಹೊತ್ತಿರುವುದರಿಂದ ಆಗುವ ಹಾನಿಯು ಹೆಚ್ಚಿನದೆಂದು ನನಗೆ ತೋರುವುದು. ಮೊದಲನೆಯ ಕೊರತೆಯು ಓದುವವನಿಗೆ ಕೂಡಲೆ ಗೊತ್ತಾಗುವುದು; ಅವನು ನಿಂತು ಕೇಳುವನು. ಎರಡನೆಯದು ಗೊತ್ತಾಗುವುದಿಲ್ಲ, ಅವನು ತಿಳಿದೆನೆಂದು ಭಾವಿಸಿ ಮುಂದಕ್ಕೆ ಹೋಗುವನು. ಈ ಮಾತಿಗೆ ನಿದರ್ಶನವಾಗಿ ನನ್ನದೇ ಒಂದು ತಪ್ಪನ್ನು ಇಲ್ಲಿ ನಿವೇದಿಸಿ, ಅದರಿಂದ ಹುಟ್ಟಿದ ವಿಚಾರವನ್ನು ವಿದ್ವಾಂಸರ ಮುಂದಿಡುವೆನು.

ಮಾಗಡಿಯಲ್ಲಿ ಕೆಲವು ಕಾಲ ನನ್ನ ಬಳಿ ಕನ್ನಡ ವ್ಯಾಕರಣವನ್ನು ಓದಿ, ಅನಂತರ ರಸಾಯನಶಾಸ್ತ್ರದಲ್ಲಿ ಪದವಿಯನ್ನು ಪಡೆದ ಶಿಷ್ಯೆಯೊಬ್ಬಳು ಒಂದು ಪಾಠದ ಕರಡನ್ನು ತಂದು ತಿದ್ದಿಕೊಡಬೇಕೆಂದು ಕೇಳಿದಳು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳಲ್ಲಿ ಕನ್ನಡದಲ್ಲಿಯೇ ಓದಿ, ಬಿಡದಿ ಹಾರೋಹಳ್ಳಿ ಮೊದಲಾದೆಡೆಗಳ ಕಾರ್ಖಾನೆಗಳಲ್ಲಿ ಪರೀಕ್ಷಾಶಾಲೆಯ ಕೆಲಸವನ್ನು ಹಿಡಿಯಬಯಸುವ ಹುಡುಗ ಹುಡುಗಿಯರಿಗಾಗಿ ಅದನ್ನು ಬರೆದಿದ್ದಳು. ವಿಷಯವು ದ್ರವವರ್ಣಲೇಖನದಲ್ಲಿ ಒತ್ತಡವನ್ನು ಹತೋಟಿಯಲ್ಲಿಟ್ಟು ಬೃಹದಣುಗಳನ್ನು ವಿಂಗಡಿಸುವುದು. ಆ ಕರಡಿನ ನಡುವೆ, ‘ಒತ್ತಡವನ್ನು ಬದಲಾಯಿಸದೆ ಒತ್ತಡವನ್ನು ಹೆಚ್ಚಿಸಬೇಕು’ ಎಂಬ ವಾಕ್ಯವಿತ್ತು. ನಾನು ಕೆಂಪು ಮಸಿಯಿಂದ ಅದನ್ನು ಹೊಡೆದುಹಾಕಿ, ಅಂಚಿನಲ್ಲಿ ‘ವದತೋವ್ಯಾಘಾತ’ ಎಂದು ಬರೆದೆನು. ತನ್ನ ಮಾತನ್ನು ತಾನೇ ಕಡಿಯುವ ವಾಕ್ಯಕ್ಕೆ ನಮ್ಮ ತಾರ್ಕಿಕರಿಟ್ಟ ಹೆಸರದು. ಶಿಷ್ಯೆಯು ಅದನ್ನು ನೋಡಿ, “ಗುರುಗಳೇ, ವಾಕ್ಯದ ಅರ್ಥ ಸರಿಯಾಗಿಯೇ ಇದೆ, ಶಬ್ದವೇ ಸಾಲದು. ಅಲ್ಲಿರುವುದು ಎರಡು ಒತ್ತಡ” ಎಂದಳು. ಅವಳು ವಿವರಿಸಿದ ಮೇಲೆ, ತಿದ್ದಬೇಕಾದುದು ಅವಳ ಶಾಸ್ತ್ರವಲ್ಲ, ನಮ್ಮ ಪರಿಭಾಷೆಯೆಂದು ನನಗೆ ಮನವರಿಕೆಯಾಯಿತು.

ಕರಡಿನ ಮೊದಲಲ್ಲಿ ಅವಳು ಕೊಟ್ಟಿದ್ದ ಲಕ್ಷಣವಾಕ್ಯವು ಇದು: ‘ಅಧಿಕ ಒತ್ತಡದಿಂದ ದ್ರವವನ್ನು ಸ್ತಂಭದ ಮೂಲಕ ತಳ್ಳಿ ಅಣುಗಳನ್ನು ಪ್ರತ್ಯೇಕಿಸುವ ವಿಧಾನಕ್ಕೆ ದ್ರವವರ್ಣಲೇಖನವೆಂದು ಹೆಸರು.’ ಈ ಬಗೆಯ ಮಾತು ಎಲ್ಲಿಯೂ ಸಲ್ಲುವಂತೆ ಕಾಣುವುದರಿಂದಲೇ ಅದನ್ನು ಬಿಡಿಸಿ ನೋಡಬೇಕಾಗಿದೆ. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂದು ಮೂರು ದೋಷಗಳುಂಟು. ಹಸುವೆಂದರೆ ಕಪಿಲವರ್ಣದ್ದು ಎಂದರೆ ಬಿಳಿಯ ಹಸು ಹೊರಗುಳಿಯುವುದು. ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಹೊಗುವುದು. ಒಂಟಿ ಗೊರಸಿನದು ಎಂದರೆ ಯಾವ ಹಸುವೂ ಸಿಕ್ಕದು. ಈ ಅಳತೆಗೋಲನ್ನೇ ಮೇಲಿನ ವಾಕ್ಯಕ್ಕೂ ಹಿಡಿಯೋಣ.

೨. ವರ್ಣಲೇಖನ

ಮೊದಲು ಹೆಸರನ್ನೇ ವಿಚಾರಿಸಬೇಕು. ಮಿಖಾಯಿಲ್ ತ್ಸ್ವೆತ್ ಎಂಬ ಸಸ್ಯಶಾಸ್ತ್ರಜ್ಞನು ವಾರ್ಸಾ ನಗರದಲ್ಲಿದ್ದಾಗ, ೧೯೦೩ರಲ್ಲಿ ಅಲ್ಲಿನ ಪ್ರಕೃತಿವಿಜ್ಞಾನಿಗಳ ಸಭೆಯಲ್ಲಿ ಈ ವಿಧಾನವನ್ನು ವಿವರಿಸಿ, ೧೯೦೬ರಲ್ಲಿ ಜರ್ಮನ್ ಭಾಷೆಯ ಪ್ರಬಂಧಗಳಲ್ಲಿ ಅದಕ್ಕೆ ಕ್ರೊಮಟೋಗ್ರಫಿಯೆಂದು ಹೆಸರಿಟ್ಟನು. ಸೀಮೆಸುಣ್ಣದ ಪುಡಿಯನ್ನು ಗಾಜಿನ ನಳಿಗೆಯಲ್ಲಿ ತುಂಬಿ, ಎಲೆಯ ಹಸುರಿನ ರಸವನ್ನು ಮೇಲಿನಿಂದ ಇಳಿಸಿದರೆ, ಹಸುರು ಹಳದಿ ಬಣ್ಣಗಳು ಒಂದರ ಕೆಳಗೊಂದು ಪಟ್ಟೆಪಟ್ಟೆಯಾಗಿ ನಿಂತುವು. ಗ್ರೀಕಿನಲ್ಲಿ ‘ಕ್ರೋಮ’ವೆಂದರೆ ಬಣ್ಣ, ‘ಗ್ರಾಫ್’ ಎಂಬುದು ಬರೆಹಕ್ಕೆ ಸಂಬಂಧಿಸಿದುದು. ರಷ್ಯನ್ ಭಾಷೆಯಲ್ಲಿ ‘ತ್ಸ್ವೆತ್’ ಎಂದರೂ ಬಣ್ಣವೇ ಆದುದರಿಂದ, ಆತನು ತನ್ನ ಹೆಸರನ್ನೇ ಶ್ಲೇಷೆಯಿಂದ ಶಾಸ್ತ್ರಕ್ಕೆ ಹೊದಿಸಿದನೆಂದು ಊಹಿಸುವವರೂ ಇದ್ದಾರೆ.

ಈ ಹೆಸರನ್ನು ‘ವರ್ಣಲೇಖನ’ವೆಂದು ಮಾಡಿಕೊಂಡರೆ ದೋಷವು ಇಮ್ಮಡಿಯಾಗುವುದು. ಪ್ರೋಟೀನು ಮೊದಲಾದ ಅನೇಕ ಬೃಹದಣುಗಳಿಗೆ ಕಣ್ಣಿಗೆ ಕಾಣುವ ಬಣ್ಣವಿಲ್ಲ. ಅವನ್ನು ವಿಂಗಡಿಸುವಾಗ ಯಾವ ಬಣ್ಣವೂ ಏನನ್ನೂ ಬರೆಯುವುದಿಲ್ಲ. ಇದು ಅವ್ಯಾಪ್ತಿ. ಬಣ್ಣವಿಲ್ಲದ ವಸ್ತುಗಳಿಗೂ ಈ ವಿಧಾನವು ಸಲ್ಲುವುದೆಂದು ತ್ಸ್ವೆತನೇ ೧೯೦೬ರಲ್ಲಿ ಸೂಚಿಸಿದ್ದನು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಇನ್ನು ನಮ್ಮ ಭಾಷೆಯಲ್ಲಿ ‘ವರ್ಣ’ವೆಂದರೆ ಅಕ್ಷರವೂ ಹೌದು. ವ್ಯಾಕರಣವನ್ನು ಓದಿದ ಯಾವನಾದರೂ ‘ವರ್ಣಲೇಖನ’ವೆಂಬುದನ್ನು ಮೊದಲ ಸಲ ಕೇಳಿದರೆ ಅಕ್ಷರವನ್ನು ಬರೆಯುವ ಕ್ರಮವೆಂದೇ ತಿಳಿಯುವನು. ಇದು ಅತಿವ್ಯಾಪ್ತಿ.

ಹೀಗಿದ್ದರೂ ಈ ಹೆಸರನ್ನು ಕಿತ್ತೆಸೆಯಬೇಕೆಂದು ನಾನು ಹೇಳುವುದಿಲ್ಲ. ಕೆಸರಿನಲ್ಲಿ ಹುಟ್ಟುವುದೆಲ್ಲವೂ ‘ಪಂಕಜ’ವಲ್ಲ, ಅವಯವಾರ್ಥವಿದ್ದರೂ ರೂಢಿಯು ಅದನ್ನು ತಾವರೆಗೇ ನಿಲ್ಲಿಸಿದೆ. ವರ್ಣಲೇಖನವನ್ನು ಅದಕ್ಕಿಂತಲೂ ಒಂದು ಹೆಜ್ಜೆ ಮುಂದೆ, ಅವಯವಾರ್ಥವನ್ನು ಬಹುಮಟ್ಟಿಗೆ ಮರೆತ ರೂಢಶಬ್ದವೆಂದು ಎಣಿಸಬಹುದು. ಹೆಸರು ವಸ್ತುವನ್ನು ವರ್ಣಿಸಲೇಬೇಕೆಂಬ ನಿಯಮವಿಲ್ಲ. ವಸ್ತುವನ್ನು ತೋರಿಸಿದರೆ ಸಾಕು. ಲಕ್ಷಣಕ್ಕೆ ಮಾತ್ರ ಈ ಸಡಿಲಿಕೆಯಿಲ್ಲ. ಆದುದರಿಂದ ಹೆಸರಿನ ದೋಷವನ್ನು ಕ್ಷಮಿಸಿ, ಲಕ್ಷಣದ ದೋಷಗಳಿಗೆ ಬರುವೆನು.

೩. ಸ್ತಂಭವೋ ನಳಿಗೆಯೋ

‘ಸ್ತಂಭದ ಮೂಲಕ’ ಎಂಬ ಮಾತಿನಲ್ಲಿರುವುದು ಅಸಂಭವದೋಷ. ಸ್ತಂಭವೆಂದರೆ ಗಟ್ಟಿಯಾಗಿ ನಿಂತ ಕಂಬ. ಅದರ ಮೂಲಕ ಏನೂ ಹರಿಯದು. ಅಲಂಕಾರಶಾಸ್ತ್ರದಲ್ಲಿ ಸ್ತಂಭವು ಸಾತ್ತ್ವಿಕಭಾವಗಳಲ್ಲೊಂದು. ಭಯವಿಸ್ಮಯಾದಿಗಳಿಂದ ಮೈ ಮರಗಟ್ಟಿ ನಿಲ್ಲುವುದು. ಹರಿಯುವುದೇ ಧರ್ಮವಾದ ಸಾಧನಕ್ಕೆ ನಿಲ್ಲುವುದನ್ನು ಹೇಳುವ ಶಬ್ದವನ್ನು ಕೊಡುವುದು ಸರಿಯಲ್ಲ. ಒಳಗೆ ಪೊಳ್ಳಾಗಿದ್ದು, ಸಣ್ಣ ಕಣಗಳಿಂದ ತುಂಬಿದ ಈ ಸಾಧನಕ್ಕೆ ‘ನಳಿಗೆ’ಯೆಂಬ ಮಾತು ನೇರವಾಗಿ ಸಲ್ಲುವುದು. ಕಾರ್ಖಾನೆಯವರು ಕಾಲಮ್ ಎಂದೇ ಅನ್ನುವರು. ಅದಕ್ಕೂ ನನ್ನ ಆಕ್ಷೇಪವಿಲ್ಲ. ಅನ್ಯದೇಶ್ಯವಾದರೂ ಆ ಮಾತು ಕನ್ನಡದ ಕಿವಿಗೆ ಸುಳ್ಳನ್ನು ಹೇಳುವುದಿಲ್ಲ.

‘ತಳ್ಳಿ ಪ್ರತ್ಯೇಕಿಸುವ’ ಎಂಬಲ್ಲಿ ದೋಷವು ಇನ್ನೂ ಸೂಕ್ಷ್ಮವಾದುದು. ತಳ್ಳುವುದರಿಂದ ಪ್ರತ್ಯೇಕತೆಯುಂಟಾಗುವಂತೆ ಈ ವಾಕ್ಯವು ಹೇಳುವುದು. ನಿಜಸ್ಥಿತಿಯು ಹಾಗಲ್ಲ. ನಳಿಗೆಯೊಳಗಿನ ಕಣಗಳ ಮೈಯನ್ನು ಅಣುಗಳು ಹಿಡಿಯುವುವು, ಬಿಡುವುವು, ಮತ್ತೆ ಹಿಡಿಯುವುವು. ಹೆಚ್ಚು ಹಿಡಿಯುವ ಅಣು ತಡವಾಗಿ ಹೊರಬರುವುದು; ಕಡಿಮೆ ಹಿಡಿಯುವುದು ಬೇಗ ಬರುವುದು. ಚತ್ರದಿಂದ ಚತ್ರಕ್ಕೆ ನಡೆಯುವ ಯಾತ್ರಿಕರಲ್ಲಿ ಎಲ್ಲರ ನಡಿಗೆಯೂ ಒಂದೇ ಆಗಿದ್ದರೂ, ತಂಗುವ ಹೊತ್ತು ಬೇರೆಯಾದುದರಿಂದ ಊರನ್ನು ಸೇರುವ ಹೊತ್ತೂ ಬೇರೆಯಾಗುವಂತೆ ಇದು. ಆದಕಾರಣ ಈ ಶಾಸ್ತ್ರದ ಮುಖ್ಯ ಶಬ್ದವು ತಳ್ಳುವುದಲ್ಲ, ತಂಗುವುದು. ಅಣುವು ನಳಿಗೆಯಿಂದ ಹೊರಬರುವುದಕ್ಕೆ ಹಿಡಿಯುವ ಕಾಲಕ್ಕೆ ‘ತಂಗುಹೊತ್ತು’ ಎಂಬ ಮಾತನ್ನು ಸೂಚಿಸುವೆನು. ‘ತಂಗುಕಾಲ’ವೆಂದರೂ ತಿಳಿಯುವುದು, ಆದರೆ ಕನ್ನಡ ಸಂಸ್ಕೃತಗಳನ್ನು ಬೆಸೆಯುವ ಅರಿಸಮಾಸವನ್ನು ಕೇಶಿರಾಜನು ಪೂರ್ವಕವಿಪ್ರಯೋಗವಿರುವೆಡೆಗಳಲ್ಲಿಯೂ ಬಿರುದುಗಳಲ್ಲಿಯೂ ಒಪ್ಪಿದನೇ ಹೊರತು ಎಲ್ಲೆಡೆಯೂ ಅಲ್ಲ. ಅಚ್ಚಕನ್ನಡದ ಮಾತು ಕೈಗೆಟಕುವಂತಿರುವಾಗ ಅವನ ಕ್ಷಮೆಯನ್ನು ಬೇಡುವುದೇಕೆ?

೪. ನೂಕುವ ಒತ್ತಡ

ಈಗ ಮುಖ್ಯವಾದ ಶಬ್ದಕ್ಕೆ ಬಂದೆವು. ತ್ಸ್ವೆತನ ಕಾಲದಿಂದ ಬಹುಕಾಲದವರೆಗೆ ಒತ್ತಡವು ಈ ಶಾಸ್ತ್ರದಲ್ಲಿ ದೊಡ್ಡ ವಿಷಯವಾಗಿರಲಿಲ್ಲ. ದ್ರವವು ಬಹುಮಟ್ಟಿಗೆ ತನ್ನ ಭಾರದಿಂದಲೇ ಇಳಿಯುತ್ತಿದ್ದಿತು. ಮಾರ್ಟಿನ್ ಮತ್ತು ಸಿಂಜ್ ಎಂಬಿಬ್ಬರು ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಉಣ್ಣೆಯ ಪ್ರೋಟೀನನ್ನು ಪರಿಶೋಧಿಸುತ್ತ ೧೯೪೧ರಲ್ಲಿ ಈ ವಿಧಾನಕ್ಕೆ ಹೊಸ ತಳಹದಿಯನ್ನು ಹಾಕಿ, ಅದಕ್ಕಾಗಿ ೧೯೫೨ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಕಣಗಳು ಸಣ್ಣವಾದಷ್ಟೂ ವಿಂಗಡಣೆಯು ಚೊಕ್ಕವಾಗುವುದೆಂಬುದು ಅವರಿಗೆ ಆಗಲೇ ತಿಳಿದಿದ್ದಿತು. ಆದರೆ ಸಣ್ಣ ಕಣಗಳ ನಡುವೆ ದ್ರವವು ಸುಲಭವಾಗಿ ಹರಿಯದು. ಡಾರ್ಸಿಯೆಂಬ ಫ್ರೆಂಚ್ ಶಿಲ್ಪಿಯು ೧೮೫೬ರಲ್ಲಿ ಮರಳಿನ ಮೂಲಕ ನೀರು ಹರಿಯುವುದನ್ನು ಅಳೆದು ಕಂಡುಹಿಡಿದ ನಿಯಮವು ಇಲ್ಲಿಯೂ ಸಲ್ಲುವುದು. ವೇಗವೂ ನಳಿಗೆಯ ಉದ್ದವೂ ಒಂದೇ ಆಗಿದ್ದು, ಕಣದ ಅಡ್ಡಳತೆಯನ್ನು ಅರ್ಧಕ್ಕಿಳಿಸಿದರೆ ಬೇಕಾಗುವ ಒತ್ತಡವು ನಾಲ್ಕು ಪಟ್ಟಾಗುವುದು.

೧೯೬೦ರ ದಶಕದಲ್ಲಿ ಚಾಬಾ ಹೋರ್ವಾತ್ ಮೊದಲಾದವರು ಬಲವಾದ ಪಂಪುಗಳನ್ನು ಕಟ್ಟಿ ಈ ತೊಡಕನ್ನು ದಾಟಿದರು. ಆಗ ಹುಟ್ಟಿದ ಹೆಸರು ಎಚ್.ಪಿ.ಎಲ್.ಸಿ. ಅದರಲ್ಲಿನ ‘ಪಿ’ಯು ಮೊದಲು ಒತ್ತಡವನ್ನು ಸೂಚಿಸುತ್ತಿದ್ದು, ಬಳಿಕ ಕಾರ್ಯಸಾಮರ್ಥ್ಯವನ್ನು ಸೂಚಿಸತೊಡಗಿತು. ಅಕ್ಷರವು ಒಂದೇ, ಅರ್ಥವು ಪಲ್ಲಟವಾಯಿತು. ಹೀಗೆ ಹೆಸರಿನಿಂದ ಒತ್ತಡವು ಜಾರಿಹೋದುದು ಉಚಿತವೇ ಆಗಿದ್ದಿತು. ಏಕೆಂದರೆ ಒತ್ತಡವು ಸಣ್ಣ ಕಣಗಳನ್ನು ಉಪಯೋಗಿಸುವುದಕ್ಕೆ ತೆರಬೇಕಾದ ಬೆಲೆಯೇ ಹೊರತು, ವಿಂಗಡಣೆಯನ್ನು ತಾನಾಗಿ ಉಂಟುಮಾಡತಕ್ಕುದಲ್ಲವೆಂದು ಬಹುಮಂದಿ ಎಣಿಸಿದ್ದರು.

ತರ್ಕದ ಮಾತಿನಲ್ಲಿ ಹೇಳುವುದಾದರೆ, ನೂಕುವ ಒತ್ತಡವು ಸಾಧಾರಣಕಾರಣ. ಅದು ನಳಿಗೆಯಲ್ಲಿರುವ ಎಲ್ಲ ಅಣುಗಳನ್ನೂ ಒಂದೇ ರೀತಿಯಲ್ಲಿ ಮುಂದಕ್ಕೆ ಒಯ್ಯುವುದು. ಎಲ್ಲಕ್ಕೂ ಸಮಾನವಾದುದು ಯಾವುದನ್ನೂ ಬೇರ್ಪಡಿಸಲಾರದು. ಕರಣವೆಂದರೆ ಅಸಾಧಾರಣವಾದ ಕಾರಣವೆಂದು ತರ್ಕಸಂಗ್ರಹವನ್ನು ಓದಿದ ಬಾಲಕನೂ ಬಲ್ಲನು. ಹೀಗಿರಲು, ‘ಒತ್ತಡದಿಂದ ತಳ್ಳಿ ಪ್ರತ್ಯೇಕಿಸುವ’ ಎಂದು ತೃತೀಯಾವಿಭಕ್ತಿಯನ್ನು ಹಚ್ಚಿದರೆ, ಸಾಧಾರಣಕಾರಣಕ್ಕೆ ಕರಣದ ಪದವಿಯನ್ನು ಕೊಟ್ಟಂತಾಗುವುದು.

೫. ಅಮುಕುವ ಒತ್ತಡ

ಇಷ್ಟಕ್ಕೇ ನಿಲ್ಲಿಸಿದ್ದರೆ, ‘ಒತ್ತಡದಿಂದ’ ಎಂಬ ಪದವನ್ನು ಲಕ್ಷಣದಿಂದ ತೆಗೆದುಹಾಕಿ ನಾನು ಸಂತುಷ್ಟನಾಗುತ್ತಿದ್ದೆನು. ಶಿಷ್ಯೆಯು ಹಾಗೆ ಬಿಡಲಿಲ್ಲ. “ಸಣ್ಣ ಅಣುಗಳಿಗೆ ನೀವು ಹೇಳಿದುದು ಹೆಚ್ಚುಕಡಿಮೆ ಸರಿ, ದೊಡ್ಡವುಗಳಿಗೆ ಸಲ್ಲದು” ಎಂದಳು.

ನೀರು ಒತ್ತುವುದು ಎರಡು ಬಗೆಯಾಗಿ. ಕಣ್ವ ಜಲಾಶಯದ ಕಾಲುವೆಯಲ್ಲಿ ನೀರು ಹರಿಯುವುದು ಮೇಲಿನ ಮಟ್ಟಕ್ಕೂ ಕೆಳಗಿನ ಮಟ್ಟಕ್ಕೂ ಇರುವ ಅಂತರದಿಂದ. ಆದರೆ ಆಳವಾದ ಬಾವಿಯಲ್ಲಿ ಮುಳುಗಿದವನ ಕಿವಿಯನ್ನು ಅಮುಕುವ ನೀರು ಎಲ್ಲಿಗೂ ಹರಿಯುವುದಿಲ್ಲ. ನಿಂತಲ್ಲಿಯೇ ನಿಂತು ಎಲ್ಲ ಕಡೆಯಿಂದಲೂ ಒತ್ತುವುದು. ಮೊದಲನೆಯದು ಎರಡು ತಾಣಗಳ ನಡುವಣ ವ್ಯತ್ಯಾಸ. ಎರಡನೆಯದು ಒಂದು ತಾಣದ ಸ್ಥಿತಿ. ಎರಡಕ್ಕೂ ನಾವು ಒತ್ತಡವೆಂದೇ ಹೆಸರಿಟ್ಟಿದ್ದೇವೆ. ಮೊದಲನೆಯದನ್ನು ‘ನೂಕೊತ್ತಡ’ವೆಂದೂ ಎರಡನೆಯದನ್ನು ‘ಅಮುಕೊತ್ತಡ’ವೆಂದೂ ಈ ಲೇಖನದಲ್ಲಿ ಕರೆಯುವೆನು. ಎರಡರಲ್ಲಿಯೂ ಪೂರ್ವೋತ್ತರಪದಗಳು ಕನ್ನಡದವೇ. ಲೋಪಸಂಧಿಯು ಸಹಜವಾಗಿಯೇ ಬಂದಿದೆ.

ನಳಿಗೆಯ ಬಾಯಲ್ಲಿ ೨೫೦ ಬಾರ್ ಒತ್ತಡವಿದ್ದು, ಕೊನೆಯು ಹೊರಗಿನ ಗಾಳಿಗೆ ತೆರೆದಿದೆಯೆಂದು ಇಟ್ಟುಕೊಳ್ಳೋಣ. ಒಂದು ಬಾರ್ ಎಂದರೆ ಸ್ಥೂಲವಾಗಿ ನಮ್ಮ ಸುತ್ತಣ ಗಾಳಿಯ ಒತ್ತಡ, ಅಥವಾ ಹತ್ತು ಮೀಟರ್ ಆಳದ ನೀರಿನ ಒತ್ತಡ. ಸಮುದ್ರಮಟ್ಟದಿಂದ ಸುಮಾರು ೧೨೨೬ ಮೀಟರ್ ಮೇಲಿರುವ ಸಾವನದುರ್ಗದ ನೆತ್ತಿಯ ಎರಡರಷ್ಟು ಎತ್ತರಕ್ಕೆ ನೀರನ್ನು ನಿಲ್ಲಿಸಿದರೆ ಬುಡದಲ್ಲಿ ಉಂಟಾಗುವ ಒತ್ತಡವು ೨೫೦ ಬಾರಿಗೆ ಹತ್ತಿರವಾಗುವುದು. ನಳಿಗೆಯಲ್ಲಿ ಈ ಒತ್ತಡವು ಬಾಯಿಯಿಂದ ಕೊನೆಯವರೆಗೆ ಇಳಿಯುತ್ತ ಹೋಗುವುದು. ನೂಕೊತ್ತಡವು ಸುಮಾರು ೨೫೦, ಅಣುವು ಅನುಭವಿಸುವ ಅಮುಕೊತ್ತಡದ ಸರಾಸರಿಯು ಸುಮಾರು ೧೨೫. ಈಗ ನಳಿಗೆಯ ಕೊನೆಗೆ ಕೂದಲಿನಂಥ ಕಿರಿದಾದ ಕೊಳವೆಯನ್ನು ಜೋಡಿಸಿ, ಅಲ್ಲಿ ೨೫೦ ಬಾರ್ ತಡೆಯನ್ನುಂಟುಮಾಡಿ, ಹರಿವಿನ ಪ್ರಮಾಣವನ್ನು ಮೊದಲಿನಂತೆಯೇ ಇಟ್ಟರೆ, ಬಾಯಲ್ಲಿ ೫೦೦, ಕೊನೆಯಲ್ಲಿ ೨೫೦ ಆಗುವುದು. ನಳಿಗೆಯೊಳಗಿನ ನೂಕೊತ್ತಡವು ಬಹುಮಟ್ಟಿಗೆ ಹಿಂದಿನದೇ. ಅಮುಕೊತ್ತಡದ ಸರಾಸರಿಯು ಮಾತ್ರ ೩೭೫ಕ್ಕೆ ಏರಿತು. ‘ಒತ್ತಡವನ್ನು ಬದಲಾಯಿಸದೆ ಒತ್ತಡವನ್ನು ಹೆಚ್ಚಿಸಬೇಕು’ ಎಂಬ ವಾಕ್ಯದ ತಾತ್ಪರ್ಯವು ಇದೇ. ನಾನು ವ್ಯಾಘಾತವೆಂದು ಹೊಡೆದುಹಾಕಿದುದು ಇಡೀ ಪಾಠದ ತಿರುಳಾಗಿದ್ದಿತು.

ಇದರಿಂದ ಅಣುವಿಗೆ ಆಗುವುದೇನು? ಒಂದು ಸಮತೋಲದ ಮೇಲೆ ಒತ್ತಡವನ್ನು ಹೆಚ್ಚಿಸಿದರೆ, ಅದು ಕಡಿಮೆ ಗಾತ್ರವನ್ನಾಕ್ರಮಿಸುವ ಕಡೆಗೆ ವಾಲುವುದೆಂಬುದು ೧೮೮೪ರಲ್ಲಿ ಲ ಶಾತೆಲಿಯೇ ಎಂಬ ಫ್ರೆಂಚ್ ವಿದ್ವಾಂಸನು ಪ್ರತಿಪಾದಿಸಿದ ತತ್ತ್ವದ ಫಲ. ನೀರಿಗೆ ಒಗ್ಗದ ಮೈಯುಳ್ಳ ಕಣಗಳನ್ನು ತುಂಬಿದ ನಳಿಗೆಯಲ್ಲಿ, ಅಣುವು ಕಣವನ್ನು ಹಿಡಿಯುವಾಗ ಅಣು ಮತ್ತು ಅದನ್ನು ಸುತ್ತಿರುವ ದ್ರವ ಇವೆರಡರ ಒಟ್ಟು ಗಾತ್ರವು ಸಾಮಾನ್ಯವಾಗಿ ಸ್ವಲ್ಪ ಕುಗ್ಗುವುದು. ಆದುದರಿಂದ ಅಮುಕೊತ್ತಡವು ಹೆಚ್ಚಿದರೆ ಹಿಡಿತವೂ ಹೆಚ್ಚುವುದು, ತಂಗುಹೊತ್ತು ಬೆಳೆಯುವುದು. ಸಣ್ಣ ಅಣುವಿಗೆ ಕಣವನ್ನು ಮುಟ್ಟುವ ಮೈ ಕಡಿಮೆ, ಕುಗ್ಗೂ ಕಡಿಮೆ. ದೊಡ್ಡ ಅಣುವಿಗೆ ಮೈ ಹೆಚ್ಚು, ಕುಗ್ಗೂ ಹೆಚ್ಚು.

ಲೆಕ್ಕವನ್ನು ಹಾಕಿ ನೋಡಿದರೆ ಭೇದವು ಸ್ಪಷ್ಟವಾಗುವುದು. ಒಂದು ಮೋಲ್ ವಸ್ತುವಿನಲ್ಲಿ ೧೦ ಮಿಲಿಲೀಟರ್ ಕುಗ್ಗುಂಟಾಗುವ ಅಣುವನ್ನೂ, ೧೦೦ ಮಿಲಿಲೀಟರ್ ಕುಗ್ಗುಂಟಾಗುವ ಅಣುವನ್ನೂ ನಿದರ್ಶನಕ್ಕಾಗಿ ತೆಗೆದುಕೊಳ್ಳೋಣ. ೨೫ ಡಿಗ್ರಿ ಉಷ್ಣತೆಯಲ್ಲಿ ಅಮುಕೊತ್ತಡವನ್ನು ೨೫೦ ಬಾರ್ ಹೆಚ್ಚಿಸಿದರೆ, ಮೊದಲನೆಯದರ ಹಿಡಿತವು ನೂರಕ್ಕೆ ಹತ್ತರಷ್ಟು ಮಾತ್ರ ಏರುವುದು. ಎರಡನೆಯದರ ಹಿಡಿತವು ಎರಡೂವರೆ ಪಟ್ಟನ್ನೂ ಮೀರುವುದು. ಮೊದಲನೆಯದನ್ನು ಅಲಕ್ಷ್ಯಮಾಡಬಹುದು, ಎರಡನೆಯದನ್ನು ಅಲಕ್ಷ್ಯಮಾಡಿದವನು ತಾನು ಹುಡುಕುವ ವಸ್ತುವನ್ನೇ ಕಳೆದುಕೊಳ್ಳುವನು. ಇನ್ನು ಒಂದೇ ಪ್ರೋಟೀನಿನ ಎರಡು ರೂಪಗಳಲ್ಲಿ ಕುಗ್ಗಿನ ಅಂತರವು ಬರಿಯ ೫ ಮಿಲಿಲೀಟರ್ ಇದ್ದರೂ, ಅದೇ ೨೫೦ ಬಾರ್ ಅವುಗಳ ಹಿಡಿತದ ಪ್ರಮಾಣವನ್ನು ನೂರಕ್ಕೆ ಐದರಷ್ಟು ಸರಿಸುವುದು. ಒಂದರ ಮೇಲೊಂದು ಬಿದ್ದು ಹೊರಬರುತ್ತಿದ್ದ ಎರಡು ಪದಾರ್ಥಗಳು ಬೇರೆಯಾಗುವುದಕ್ಕೆ ಎಷ್ಟೋ ವೇಳೆ ಅಷ್ಟೇ ಸಾಕು.

ಹೀಗೆ ಅಮುಕೊತ್ತಡವು ಎಲ್ಲ ಅಣುಗಳ ಮೇಲೆಯೂ ಬಿದ್ದರೂ ಅದರ ಫಲವು ಅಣುವಿನಿಂದ ಅಣುವಿಗೆ ಬೇರೆಯಾಗುವುದು. ಆದುದರಿಂದ ಬೃಹದಣುಗಳ ವಿಂಗಡಣೆಯಲ್ಲಿ ಅದು ಸಾಧಾರಣಕಾರಣಗಳ ಸಾಲಿನಿಂದ ಎದ್ದು ಕರಣದ ಪೀಠಕ್ಕೆ ಬರುವುದು. ೨೦೨೦ರ ದಶಕದಲ್ಲಿ ಶೋಧಕರು ಹರಿವನ್ನು ಹಾಗೆಯೇ ಇಟ್ಟು, ಕೊನೆಯ ತಡೆಯನ್ನು ಏರಿಸುತ್ತ ಇಳಿಸುತ್ತ, ಪ್ರಯೋಗವು ನಡೆಯುತ್ತಿರುವಾಗಲೇ ಅಮುಕೊತ್ತಡವನ್ನು ಬದಲಾಯಿಸುವ ಕ್ರಮಗಳನ್ನು ರೂಢಿಸಿದ್ದಾರೆ.

ಒತ್ತಡವು ನೂಕುವುದು ಮಾತ್ರವಲ್ಲವೆಂಬುದಕ್ಕೆ ಹಳೆಯ ಸಾಕ್ಷಿಯೂ ಉಂಟು. ೧೯೧೪ರಲ್ಲಿ ಅಮೆರಿಕದ ಬ್ರಿಜ್‌ಮನ್ ಎಂಬಾತನು ಕೋಳಿಮೊಟ್ಟೆಯ ಬಿಳಿಯನ್ನು ಬೆಂಕಿಯಿಲ್ಲದೆ, ಸಾವಿರಾರು ವಾಯುಮಂಡಲದಷ್ಟು ಒತ್ತಡದಿಂದಲೇ ಬೇಯಿಸಿದಂತೆ ಗಟ್ಟಿಗೊಳಿಸಿ ತೋರಿಸಿದನು. ಅಲ್ಲಿ ಏನೂ ಹರಿಯಲಿಲ್ಲ. ಪ್ರೋಟೀನಿನ ಆಕಾರವೇ ಕೆಟ್ಟಿತು. ನಮ್ಮ ನಳಿಗೆಗಳಲ್ಲಿ ಅಷ್ಟು ಒತ್ತಡವಿಲ್ಲದಿದ್ದರೂ, ಬೃಹದಣುವು ಒತ್ತಡಕ್ಕೆ ಮಣಿಯುವ ಸ್ವಭಾವದ್ದೆಂಬುದು ಅದರಿಂದ ಸಿದ್ಧವಾಗುವುದು.

೬. ಬೃಹದಣುಗಳೂ ನಮ್ಮ ಸೀಮೆಯೂ

ಬೃಹದಣುವೆಂದರೆ ಎಷ್ಟು ದೊಡ್ಡದು? ಸಕ್ಕರೆಯ ಅಣುಭಾರವು ೩೪೨. ಮಧುಮೇಹಕ್ಕೆ ಕೊಡುವ ಇನ್ಸುಲಿನ್ನಿನದು ಸುಮಾರು ೫೮೦೦. ಅದರಲ್ಲಿ ೫೧ ಅಮೈನೋ ಆಮ್ಲಗಳು. ರಾಮನಗರದ ಗೂಡಿನ ಮಾರುಕಟ್ಟೆಗೆ ರಾಶಿರಾಶಿಯಾಗಿ ಬರುವ ರೇಷ್ಮೆಗೂಡಿನ ಎಳೆಯಲ್ಲಿ ಫೈಬ್ರೋಯಿನ್ ಎಂಬ ಪ್ರೋಟೀನಿದೆ. ಅದರ ಹಿರಿಯ ಸರಪಣಿಯ ಭಾರವು ಸುಮಾರು ೩,೯೦,೦೦೦. ಅದನ್ನು ಸುತ್ತಿರುವ ಅಂಟಿಗೆ ಸೆರಿಸಿನ್ ಎಂದು ಹೆಸರು. ನೂಲು ಬಿಚ್ಚುವವರು ಗೂಡನ್ನು ಬಿಸಿನೀರಿನಲ್ಲಿ ಬೇಯಿಸುವುದು ಈ ಅಂಟನ್ನು ಮೆದುಮಾಡುವುದಕ್ಕಾಗಿ. ಒಂದು ಬೃಹದಣುವು ನೀರಿಗೆ ಬಿಟ್ಟುಕೊಟ್ಟು, ಇನ್ನೊಂದು ಎಳೆಯಾಗಿ ನಿಲ್ಲುವ ಈ ವಿಂಗಡಣೆಯನ್ನು ನಮ್ಮ ಸೀಮೆಯ ಜನರು ಶಾಸ್ತ್ರದ ಹೆಸರಿಲ್ಲದೆ ದಿನವೂ ಮಾಡುತ್ತಿದ್ದಾರೆ.

ಚನ್ನಪಟ್ಟಣದಲ್ಲಿ ಗೊಂಬೆಗೆ ಬಣ್ಣ ಹಾಕುವವನು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುವನು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವುದು. ಅವನ ಒತ್ತು ಮರವನ್ನು ಮುಂದಕ್ಕೆ ನೂಕುವುದಕ್ಕಲ್ಲ, ಅರಗನ್ನು ಹಿಡಿಸುವುದಕ್ಕೆ. ಅಲ್ಲಿ ನಡುವೆ ಬಿಸಿಯ ಕೆಲಸವಿರುವುದರಿಂದ ದೃಷ್ಟಾಂತವು ಪೂರ್ತಿಯಾಗಿ ಹೊಂದದು. ಆದರೂ ನೂಕುವ ಒತ್ತು ಬೇರೆ, ಹಿಡಿಸುವ ಒತ್ತು ಬೇರೆಯೆಂಬುದನ್ನು ಅವನ ಕೈ ಬಲ್ಲುದು. ಹೀಗಿರುವಲ್ಲಿ ಅವನ ಮಕ್ಕಳಿಗೆ ಪಾಠವನ್ನು ಬರೆಯುವ ನಾವು ಎರಡನ್ನೂ ಒಂದೇ ಶಬ್ದದಲ್ಲಿ ಮುಚ್ಚಿಡಬಹುದೇ?

ಇದರಿಂದಾಗುವ ನಷ್ಟವು ಶಬ್ದಶಾಸ್ತ್ರಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಪಂಪಿನ ಮೇಲಿನ ಮಾಪಕವು ಬಾಯಲ್ಲಿನ ಒತ್ತಡವನ್ನು ಮಾತ್ರ ತೋರಿಸುವುದು. ಎರಡು ಯಂತ್ರಗಳೂ ೫೦೦ ಎಂದು ತೋರಿಸುತ್ತಿರಬಹುದು. ಒಂದರಲ್ಲಿ ಸಣ್ಣ ಕಣದ ನಳಿಗೆಯಿದ್ದು, ಕೊನೆಯು ತೆರೆದಿರುವುದು; 
ಅಲ್ಲಿ ಅಮುಕೊತ್ತಡದ ಸರಾಸರಿಯು ಸುಮಾರು ೨೫೦. ಇನ್ನೊಂದರಲ್ಲಿ ಕೊನೆಗೆ ತಡೆಯಿರುವುದು; ಅಲ್ಲಿ ೩೭೫. ಕೆಲಸಗಾರನು ಪುಸ್ತಕದಲ್ಲಿ ‘ಒತ್ತಡ ೫೦೦’ ಎಂದು ಬರೆದರೆ, ಇವೆರಡರಲ್ಲಿ ಯಾವುದೆಂದು ಮರುದಿನ ಓದುವವನು ತಿಳಿಯಲಾರನು. ಬೊಮ್ಮಸಂದ್ರದ ಬಯೋಕಾನ್ ಸಂಸ್ಥೆಯು ೨೦೦೪ರಲ್ಲಿ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದುದು ಮೊದಲ್ಗೊಂಡು, ಇಂಥ ಪ್ರೋಟೀನು ಔಷಧಗಳು ನಮ್ಮ ನೆರೆಯಲ್ಲಿಯೇ ಸಿದ್ಧವಾಗುತ್ತಿವೆ. ಔಷಧದ ಶುದ್ಧಿಯನ್ನು ನಿರ್ಣಯಿಸುವಾಗ, ಒಳ್ಳೆಯ ಅಣುವಿನ ನೆರಳಿನಲ್ಲಿ ಕೆಟ್ಟ ಅಣುವು ಅಡಗಿದೆಯೋ ಇಲ್ಲವೋ ಎಂಬುದು ರೋಗಿಯ ಕ್ಷೇಮಕ್ಕೆ ಸಂಬಂಧಿಸಿದ ಪ್ರಶ್ನೆ. ಶಬ್ದದ ಸಂದಿಗ್ಧತೆಯು ಅಲ್ಲಿಯವರೆಗೂ ಹೋಗಬಲ್ಲುದು.

ಹೆಚ್ಚಿಸಿದಷ್ಟೂ ಒಳ್ಳೆಯದೆಂದು ಯಾರೂ ತಿಳಿಯತಕ್ಕುದಲ್ಲ. ಅಮುಕೊತ್ತಡವು ಎರಡು ಅಣುಗಳನ್ನು ದೂರಮಾಡುವಂತೆಯೇ, ಬೇರೆ ಎರಡನ್ನು ಹತ್ತಿರಕ್ಕೆ ತರಲೂ ಬಹುದು. ನೂಕೊತ್ತಡವು ವಿಪರೀತವಾದರೆ ಕಣಗಳ ನಡುವೆ ಉಜ್ಜಿದ ದ್ರವವು ಬಿಸಿಯಾಗುವುದು. ಬಿಸಿಯು ಸಾಮಾನ್ಯವಾಗಿ ಹಿಡಿತವನ್ನು ಸಡಿಲಿಸಿ, ಅಮುಕೊತ್ತಡದ ಕೆಲಸಕ್ಕೆ ಇದಿರಾಗಿ ನಿಲ್ಲುವುದು. ೧೯೫೯ರಲ್ಲಿ ಬಳಕೆಗೆ ಬಂದ ಸೆಫಡೆಕ್ಸ್ ಎಂಬ ಮೆದುವಾದ ಕಣಗಳಲ್ಲಂತೂ ಒತ್ತಡವು ಮಿತಿಮೀರಿದರೆ ಕಣಗಳೇ ಅಪ್ಪಚ್ಚಿಯಾಗಿ, ಹೆಚ್ಚು ನೂಕಿದಷ್ಟೂ ಹರಿವು ಕುಗ್ಗುವುದು. ಆದುದರಿಂದ ಪಾಠದ ಹೆಸರಿನಲ್ಲಿ ‘ಅಧಿಕ ಒತ್ತಡ’ವೆಂದು ಹೇಳುವುದಕ್ಕಿಂತ ‘ಒತ್ತಡದ ಹತೋಟಿ’ಯೆಂದು ಹೇಳುವುದು ಯುಕ್ತ.

೭. ಪೂರ್ವಪಕ್ಷ, ಸಮಾಧಾನ

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು ನನ್ನಂಥವರದೇ. ‘ಪೀಡನ’, ‘ಸಂಮರ್ದ’ ಮೊದಲಾದ ಸಂಸ್ಕೃತಶಬ್ದಗಳಿರುವಾಗ ನೂಕುವುದು ಅಮುಕುವುದು ಎಂಬ ಮನೆಮಾತುಗಳೇಕೆ? ಸಂಸ್ಕೃತಪಾಠಶಾಲೆಯಲ್ಲಿ ಬೆಳೆದ ನನಗೆ ಈ ಆಕ್ಷೇಪದಲ್ಲಿ ಸಹಾನುಭೂತಿಯುಂಟು. ಆದರೆ ಪೀಡನವು ನೋವನ್ನೂ ಸಂಮರ್ದವು ಜನಸಂದಣಿಯನ್ನೂ ಮೊದಲು ಮನಸ್ಸಿಗೆ ತರುವುವು. ನೂಕುವುದಕ್ಕೂ ಅಮುಕುವುದಕ್ಕೂ ಇರುವ ಭೇದವನ್ನು ಎರಡೂ ಹೇಳವು. ಸಂಸ್ಕೃತವು ಇಲ್ಲಿ ನಮಗೆ ಕೊಡತಕ್ಕುದು ಶಬ್ದವನ್ನಲ್ಲ, ಶಬ್ದವನ್ನು ಪರೀಕ್ಷಿಸುವ ಕ್ರಮವನ್ನು. ಆ ಕ್ರಮವೇ ನನ್ನನ್ನು ಕನ್ನಡದ ಮಾತುಗಳ ಕಡೆಗೆ ನಡೆಸಿತು.

ಎರಡನೆಯ ಆಕ್ಷೇಪವು ಕಾರ್ಖಾನೆಯವರದು: ಇಂಗ್ಲಿಷ್ ಮಾತುಗಳನ್ನೇ ಇಟ್ಟುಕೊಂಡರೆ ಈ ಕಷ್ಟವೇ ಇಲ್ಲವಲ್ಲ? ಇನ್ಸುಲಿನ್, ಪ್ರೋಟೀನು, ಪಂಪು, ಬಾರ್ ಇವನ್ನು ನಾನೂ ಹಾಗೆಯೇ ಇಟ್ಟಿರುವೆನು. ಆದರೆ ‘ಪ್ರೆಷರ್’ ಎಂಬ ಮಾತಿನಲ್ಲಿಯೂ ಇದೇ ಸಂದಿಗ್ಧತೆಯಿರುವುದು. ಅದನ್ನು ನೀಗಲು ಆ ಭಾಷೆಯವರೂ ವಿಶೇಷಣಗಳನ್ನು ಹಚ್ಚಬೇಕಾಗಿದೆ. ಅವರ ಶಬ್ದವನ್ನು ತಂದರೆ ಅದರೊಡನೆ ಅವರ ತೊಡಕೂ ಬರುವುದು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಪತ್ರಿಕೆಯನ್ನು ಹೊರಡಿಸಿದಾಗ ಅವರ ಮುಂದಿದ್ದ ಕೆಲಸವು ಶಬ್ದಗಳನ್ನು ಒದಗಿಸುವುದು. ಒಂದು ಶತಮಾನವು ಕಳೆದಿದೆ. ನಮ್ಮ ಮುಂದಿರುವ ಕೆಲಸವು ಒದಗಿದ ಶಬ್ದಗಳನ್ನು ಒರೆಗೆ ಹಚ್ಚುವುದು. ಇದಕ್ಕೆ ರಸಾಯನಜ್ಞರಷ್ಟೇ ಭಾಷಾಧ್ಯಾಪಕರೂ ಬೇಕು.

೮. ನಿರ್ಣಯ

ಮೇಲಿನ ವಿಚಾರದಿಂದ ಲಕ್ಷಣವಾಕ್ಯವನ್ನು ಹೀಗೆ ತಿದ್ದಬಹುದೆಂದು ತೋರುವುದು: ‘ಕಣಗಳನ್ನು ತುಂಬಿದ ನಳಿಗೆಯಲ್ಲಿ ದ್ರವವು ನೂಕೊತ್ತಡದಿಂದ ಹರಿಯುತ್ತಿರಲು, ಅಣುಗಳು ತಂಗುಹೊತ್ತಿನ ಭೇದದಿಂದ ಬೇರೆ ಬೇರೆಯಾಗಿ ಹೊರಬರುವಂತೆ ಮಾಡುವ ವಿಧಾನವು ದ್ರವವರ್ಣಲೇಖನ, ಬೃಹದಣುಗಳಲ್ಲಿ ಆ ಭೇದವು ಅಮುಕೊತ್ತಡವನ್ನೂ ಅನುಸರಿಸುವುದು.’ ಇದರಲ್ಲಿ ನೂಕೊತ್ತಡವು ಹರಿವಿಗೆ ಮಾತ್ರ ಕಾರಣವಾಗಿ ನಿಂತಿದೆ. ವಿಂಗಡಣೆಗೆ ತಂಗುಹೊತ್ತಿನ ಭೇದವು ಕಾರಣವಾಗಿದೆ. ಅಮುಕೊತ್ತಡವು ತನ್ನ ಬಲವು ನಡೆಯುವೆಡೆಯಲ್ಲಿ ಹೆಸರನ್ನು ಪಡೆದಿದೆ. ಬಣ್ಣವಿಲ್ಲದ ಅಣುವು ಹೊರಗುಳಿಯಲಿಲ್ಲ; ಬರಿಯ ಸೋಸುವಿಕೆಯು ಒಳಹೊಗಲಿಲ್ಲ; ಕಂಬದಲ್ಲಿ ದ್ರವವು ಹರಿಯಲಿಲ್ಲ.

ನಾನು ಹೊಡೆದುಹಾಕಿದ್ದ ವಾಕ್ಯವು ಈಗ ಕರಡಿನಲ್ಲಿ ‘ನೂಕೊತ್ತಡವನ್ನು ಬದಲಾಯಿಸದೆ ಅಮುಕೊತ್ತಡವನ್ನು ಹೆಚ್ಚಿಸಬೇಕು’ ಎಂದು ಮರಳಿ ಬಂದಿದೆ. ಅಂಚಿನಲ್ಲಿ ನಾನು ಬರೆದಿದ್ದ ‘ವದತೋವ್ಯಾಘಾತ’ವನ್ನು ನಾನೇ ಹೊಡೆದುಹಾಕಿರುವೆನು. ಇನ್ನೂ ಒಂದು ತೊಡಕು ಉಳಿದಿದೆ. ಪ್ರಯೋಗದ ನಡುವೆ ಅಮುಕೊತ್ತಡವನ್ನು ಹೊತ್ತುಹೊತ್ತಿಗೆ ಏರಿಸುತ್ತ ಹೋಗುವ ಕ್ರಮಕ್ಕೂ, ನಳಿಗೆಯ ಉದ್ದಕ್ಕೂ ಅದು ತಾನಾಗಿ ಇಳಿಯುತ್ತ ಹೋಗುವುದಕ್ಕೂ ಬೇರೆ ಬೇರೆ ಹೆಸರುಗಳು ಬೇಕು; ಒಂದು ಕಾಲಕ್ಕೆ ಸಂಬಂಧಿಸಿದುದು, ಇನ್ನೊಂದು ದೇಶಕ್ಕೆ. ನನಗೆ ತೃಪ್ತಿಕರವಾದ ಮಾತುಗಳು ದೊರೆತಿಲ್ಲ. ಬಲ್ಲವರು ಸೂಚಿಸಿದರೆ ಕರಡು ಅಚ್ಚಿಗೆ ಹೋಗುವ ಮುನ್ನ ಸೇರಿಸುವುದಕ್ಕೆ ಅವಕಾಶವಿದೆ.